ಮಂಜು ಕಟ್ಟಿದರೆ ಇಡೀ ಕಿಟಕಿ ಬದಲಿಸಬೇಕೇ?

ಮಾನ್ಯ ಸಂಪಾದಕರೇ,

ಬಳ್ಳಾರಿ ರಸ್ತೆಯ ವಾಹನಗಳ ಸದ್ದು ತಾಳಲಾರದೆ ಹೆಬ್ಬಾಳದ ಸುತ್ತಮುತ್ತ ಅನೇಕರು ಜೋಡಿ ಗಾಜಿನ ಕಿಟಕಿ ಹಾಕಿಸಿಕೊಂಡಿದ್ದಾರೆ. ಅವನ್ನು ಕೂರಿಸುವುದು, ರಿಪೇರಿ ಮಾಡುವುದು ನನ್ನ ಕಸುಬು. ಮಳೆಗಾಲದಲ್ಲಿ ಬರುವ ದೂರು ಒಂದೇ: ಗಾಜಿಗೆ ಮಂಜು ಕಟ್ಟಿದೆ. ಕೋಣೆಯ ಕಡೆಯಿಂದ ಒರೆಸಿದಾಗ ಹೋದರೆ ಅದು ಮನೆಯೊಳಗಿನ ತೇವ, ಗಾಳಿಯಾಡಲು ಬಿಟ್ಟರೆ ಸಾಕು. ಎರಡು ಗಾಜುಗಳ ನಡುವೆ ಕಟ್ಟಿದ್ದರೆ ಅಂಚಿನ ಸೀಲ್ ಬಿಟ್ಟಿದೆ, ಒಳಗೆ ತೇವ ಹೀರುವ ಕಾಳುಗಳು ಸೋತಿವೆ ಎಂದರ್ಥ. ಆಗ ಆ ಗಾಜಿನ ಜೋಡಿಯನ್ನಷ್ಟೇ ಅಳತೆ ಕೊಟ್ಟು ಹೊಸದಾಗಿ ಮಾಡಿಸಬೇಕು. ಚೌಕಟ್ಟು ಗಟ್ಟಿಯಾಗಿದ್ದರೂ ಇಡೀ ಕಿಟಕಿ ಕೀಳಿಸಿ ದುಡ್ಡು ವಸೂಲು ಮಾಡುವುದು ಅನ್ಯಾಯ. ತೂತು ಕೊರೆದು ಒಣಗಿಸಿದರೆ ಮಂಜು ಹೋದೀತು, ಸೀಲ್ ಸರಿಹೋಗದು.

ಚೌಕಟ್ಟಿನ ಕೆಳಗೆ ನೀರು ಹರಿದುಹೋಗಲು ಸಣ್ಣ ರಂಧ್ರಗಳಿರುತ್ತವೆ. ಬಣ್ಣ ಬಳಿಯುವವರು, ಸಿಲಿಕೋನ್ ಹಚ್ಚುವವರು ಅವನ್ನೇ ಮುಚ್ಚಿಬಿಡುತ್ತಾರೆ! ನಿಂತ ನೀರಿನಿಂದ ಸೀಲ್ ಬೇಗ ಹಾಳಾಗುತ್ತದೆ. ಮಳೆಗೆ ಮೊದಲೇ ಆ ರಂಧ್ರಗಳನ್ನು ಸ್ವಚ್ಛಗೊಳಿಸಿ. ಬಿರುಕು ಬಿಟ್ಟ ರಬ್ಬರ್ ಪಟ್ಟಿ, ಸಡಿಲಾದ ಹಿಡಿಕೆ ಬಿಡಿಯಾಗಿಯೇ ಸಿಗುತ್ತವೆ.

ಸೀಲಿಗೆ ಎಷ್ಟು ವರ್ಷದ ಖಾತರಿ ಎಂಬುದನ್ನು ಮಾರುವವರು ಬಿಲ್ಲಿನಲ್ಲೇ ಬರೆದುಕೊಡಲಿ.

– ಒಬ್ಬ ಗಾಜಿನ ಕೆಲಸಗಾರ, ಹೆಬ್ಬಾಳ, ಬೆಂಗಳೂರು