ಟೋಕಿಯೊ ನೋಡಲು ಪ್ಯಾಕೇಜ್ ಪ್ರವಾಸವೇ ಬೇಕೆಂದಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಇತ್ತೀಚೆಗೆ ಜಪಾನ್ ಕುರಿತು ಬಂದ ಲೇಖನವನ್ನು ಓದಿದರೆ, ಮಧ್ಯಮ ವರ್ಗದವರು ಆ ದೇಶಕ್ಕೆ ಹೋಗಬೇಕಾದರೆ ಲಕ್ಷಗಟ್ಟಲೆ ಕಟ್ಟಿ ಯಾವುದಾದರೂ ಪ್ರವಾಸ ಸಂಸ್ಥೆಯ ತಂಡದಲ್ಲಿ ಸೇರಿಕೊಳ್ಳದೆ ಗತ್ಯಂತರವಿಲ್ಲ ಎಂದು ಅನ್ನಿಸುತ್ತದೆ. ನಿವೃತ್ತಿಯ ಬಳಿಕ ಪತ್ನಿಯೊಡನೆ ಬೆನ್ನಿಗೊಂದು ಚೀಲ ಏರಿಸಿಕೊಂಡು ಟೋಕಿಯೊ ಸುತ್ತಿ ಬಂದ ನನಗೆ ಈ ಮಾತು ಒಪ್ಪಿಗೆಯಿಲ್ಲ. ವಿಮಾನದ ಟಿಕೆಟಿಗೆ ದುಡ್ಡು ಸುರಿಯಲೇಬೇಕು, ಅದರಲ್ಲಿ ಚರ್ಚೆಯಿಲ್ಲ. ಆದರೆ ಇಳಿದ ಮೇಲಿನ ಖರ್ಚು ಲೇಖಕರು ಹೆದರಿಸಿದಷ್ಟು ಇಲ್ಲ. 2024ರ ಜುಲೈಯಲ್ಲಿ ಡಾಲರಿಗೆ 160 ದಾಟಿ 1986ರಿಂದೀಚೆಗಿನ ಅತ್ಯಂತ ಕೆಳಮಟ್ಟಕ್ಕೆ ಕುಸಿದ ಯೆನ್ ಆಮೇಲೆ ನಡುನಡುವೆ ಚೇತರಿಸಿಕೊಂಡರೂ ಇನ್ನೂ ಅಗ್ಗವಾಗಿಯೇ ಇದೆ. 100 ಯೆನ್ನಿಗೆ ನಮ್ಮ 55ರಿಂದ 60 ರೂಪಾಯಿ ಎಂದು ಲೆಕ್ಕ ಹಿಡಿದರೆ ಸಾಕು.

ಎಲ್ಲಕ್ಕಿಂತ ಹೆಚ್ಚು ಉಳಿತಾಯವಾಗುವುದು ವಸತಿಯಲ್ಲಿ. ನಗರದ ಈಶಾನ್ಯ ಭಾಗದ ಮಿನಾಮಿ ಸೆಂಜು ನಿಲ್ದಾಣದ ಹತ್ತಿರ ಸಾನ್ಯಾ ಎಂಬ ಪ್ರದೇಶವಿದೆ. ಆ ಹೆಸರನ್ನು ಅಧಿಕೃತ ನಕ್ಷೆಯಿಂದ 1966ರಲ್ಲೇ ತೆಗೆದುಹಾಕಲಾಗಿದ್ದರೂ ಜನ ಇಂದಿಗೂ ಹಾಗೆಯೇ ಕರೆಯುತ್ತಾರೆ. ಯುದ್ಧಾನಂತರ ನಗರವನ್ನು ಮತ್ತೆ ಕಟ್ಟಿದ, 1964ರ ಒಲಿಂಪಿಕ್ಸ್‌ಗಾಗಿ ರಸ್ತೆ, ಕಟ್ಟಡಗಳ ಕೆಲಸ ಮಾಡಿದ ದಿನಗೂಲಿ ಕಾರ್ಮಿಕರು ರಾತ್ರಿ ಮೈ ಚಾಚುತ್ತಿದ್ದ ಅಗ್ಗದ ವಸತಿಗೃಹಗಳು ಇಲ್ಲಿ ಸಾಲಾಗಿದ್ದವು. ಅವರಲ್ಲಿ ಉಳಿದವರು ಈಗ ಮುದುಕರಾಗಿದ್ದಾರೆ. ವಸತಿಗೃಹಗಳಲ್ಲಿ ಕೆಲವು ಬೆನ್ನುಚೀಲದ ಪ್ರವಾಸಿಗರ ತಂಗುದಾಣಗಳಾಗಿ ಮಾರ್ಪಟ್ಟಿವೆ. ಮೂರು ತತಾಮಿ ಚಾಪೆಗಳಷ್ಟು, ಎಂದರೆ ಸುಮಾರು ಐದು ಚದರ ಮೀಟರಿನ ಕೋಣೆ, ಮಡಚಿಟ್ಟ ಹಾಸಿಗೆ, ಹೊರಗೆ ಎಲ್ಲರಿಗೂ ಸೇರಿದ ಅಡುಗೆಮನೆ ಮತ್ತು ಶೌಚಾಲಯ. ಇಂಥ ಕಡೆ ತಂಗುವುದು ಸಂಸಾರಸ್ಥರಿಗೆ ಹೇಳಿಸಿದ್ದಲ್ಲ ಎಂದು ಪರಿಚಿತರೊಬ್ಬರು ಮೂಗು ಮುರಿದರು. ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲುಗಳಲ್ಲಿ ಹಗಲಿಡೀ ದುಡಿದು, ರಾತ್ರಿ ಶಾಲೆಗೆ ಹೋಗಿ ಬಂದು, ಗಿರಾಕಿಗಳು ಎದ್ದುಹೋದ ಬೆಂಚುಗಳನ್ನೇ ಜೋಡಿಸಿ ಮಲಗಿದ ಹಿರಿಯರು ಕಟ್ಟಿದ ಸಮಾಜ ನಮ್ಮದು ಎಂಬುದನ್ನು ಮುಂಬಯಿ ಕನ್ನಡಿಗರಾದ ನಾವು ಇಷ್ಟು ಬೇಗ ಮರೆಯಬಾರದಿತ್ತು!

ಕೋಣೆಯೇ ಬೇಡವೆನ್ನುವ ಯುವಕರಿಗೆ ಡಾರ್ಮಿಟರಿಯಲ್ಲಿ ಒಂದು ಮಂಚ ಸಾಮಾನ್ಯ ದಿನಗಳಲ್ಲಿ 3,000ದಿಂದ 4,500 ಯೆನ್ನಿಗೆ ಸಿಗುತ್ತದೆ. ಚೆರ್ರಿ ಹೂ ಅರಳುವ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ ಮತ್ತು ಅಲ್ಲಿಯವರಿಗೇ ಸಾಲುಸಾಲು ರಜೆ ಬರುವ ಮೇ ಆರಂಭದಲ್ಲಿ ಮಾತ್ರ ದರಗಳು ಗಗನಕ್ಕೇರುತ್ತವೆ. ಸ್ನಾನಕ್ಕೆ ಬೀದಿಯ ಸಾರ್ವಜನಿಕ ಸ್ನಾನಗೃಹವಿದೆ. ಅದರ ದರವನ್ನು, ಸುಮಾರು 550 ಯೆನ್, ಟೋಕಿಯೊ ಆಡಳಿತವೇ ನಿಗದಿಪಡಿಸುತ್ತದೆ. ಚಪ್ಪಲಿಯನ್ನು ಬಾಗಿಲಲ್ಲೇ ಪುಟ್ಟ ಗೂಡಿನಲ್ಲಿಟ್ಟು ಅದರ ಮರದ ಬಿಲ್ಲೆಯಂಥ ಕೀಲಿಯನ್ನು ತೆಗೆದುಕೊಂಡು ಒಳಹೋಗಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಿಭಾಗಗಳಿವೆ. ಗೋಡೆಯ ಮೇಲೆ ಫ್ಯೂಜಿ ಪರ್ವತದ ಚಿತ್ರ, ಅದರ ಕೆಳಗೆ ಬಿಸಿನೀರಿನ ತೊಟ್ಟಿ. ಮೊದಲು ಮೋಟು ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ಮೈ ಚೆನ್ನಾಗಿ ತೊಳೆದುಕೊಂಡು ಆಮೇಲೆಯೇ ತೊಟ್ಟಿಗೆ ಇಳಿಯಬೇಕೆಂಬ ನಿಯಮವನ್ನು ಯಾರೂ ಮುರಿಯುವುದಿಲ್ಲ. ದಿನವಿಡೀ ನಡೆದ ಕಾಲುಗಳಿಗೆ ಆ ನೀರಿನ ಹಿತವನ್ನು ಯಾವ ತಾರಾ ಹೋಟೆಲೂ ಕೊಡಲಾರದೆಂದು ನನ್ನ ಅಭಿಪ್ರಾಯ.

ಓಡಾಟದ ವಿಷಯದಲ್ಲಿ ನಮ್ಮವರು ಎಡವುವುದು ರೈಲ್ ಪಾಸಿನಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಏಳು ದಿನದ ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್ನಿಂದ ಒಮ್ಮೆಲೇ 50,000ಕ್ಕೆ ಏರಿತು. ಟೋಕಿಯೊ ಒಂದನ್ನೇ ನೋಡುವವರಿಗೆ ಅದರ ಅಗತ್ಯವೇ ಇಲ್ಲ. ಆದರೂ ನಮ್ಮಲ್ಲಿ ನಾನು ವಿಚಾರಿಸಿದ ಏಜೆಂಟರೊಬ್ಬರು ಅದನ್ನೇ ಮೊದಲು ಮುಂದಿಟ್ಟರು. ನಗರದ ಸುರಂಗ ರೈಲುಗಳನ್ನು ಎರಡು ಸಂಸ್ಥೆಗಳು ನಡೆಸುತ್ತವೆ. ಟೋಕಿಯೊ ಮೆಟ್ರೊದ ಒಂಬತ್ತು ಮತ್ತು ತೋಯೇಯ ನಾಲ್ಕು ಮಾರ್ಗಗಳಿವೆ. ಜೆಆರ್ (ಜಪಾನ್ ರೈಲ್ವೇಸ್) ರೈಲುಗಳದ್ದು ಬೇರೆಯೇ ಲೆಕ್ಕ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದಾಗಲೆಲ್ಲ ಸಾಮಾನ್ಯವಾಗಿ ಹೊಸ ದರ ಬೀಳುವುದರಿಂದ, ನಕ್ಷೆಯಲ್ಲಿ ಹತ್ತಿರ ಕಾಣುವ ದಾರಿಯೇ ಅಗ್ಗದ ದಾರಿ ಆಗಿರಬೇಕೆಂದಿಲ್ಲ. ಈ ಹದಿಮೂರು ಸುರಂಗ ಮಾರ್ಗಗಳಿಗೂ ಸಲ್ಲುವ 24, 48, 72 ಗಂಟೆಗಳ ಪ್ರವಾಸಿ ಟಿಕೆಟುಗಳಿವೆ. ಅವು ಬಳಸಿದ ಕ್ಷಣದಿಂದ ಗಂಟೆ ಎಣಿಸುತ್ತವೆ. 24 ಗಂಟೆಯದನ್ನು ಮಧ್ಯಾಹ್ನ ಎರಡಕ್ಕೆ ಶುರು ಮಾಡಿದರೆ ಮಾರನೆಯ ಮಧ್ಯಾಹ್ನ ಎರಡರವರೆಗೂ ನಡೆಯುತ್ತದೆ. ಕೊನೆಯ ರೈಲುಗಳು ನಡುರಾತ್ರಿಯ ಹೊತ್ತಿಗೆ ನಿಂತು ಬೆಳಗಿನ ಐದರವರೆಗೆ ಮತ್ತೆ ಬರುವುದಿಲ್ಲ. ಆ ಹೊತ್ತಿನಲ್ಲಿ ಟ್ಯಾಕ್ಸಿ ಹಿಡಿದರೆ ಉಳಿಸಿದ್ದೆಲ್ಲ ಅಲ್ಲೇ ಕರಗುತ್ತದೆ. ಡೊಂಬಿವಲಿಯಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಹತ್ತಿ ಪಳಗಿದವರು ಅಲ್ಲಿಯ ನೂಕುನುಗ್ಗಲಿಗೆ ಅಂಜಬೇಕಾಗಿಲ್ಲ.

ನೋಡುವುದಕ್ಕೆ ಬಹಳಷ್ಟು ಪುಕ್ಕಟೆಯೇ ಇದೆ. ಅಸಕುಸಾದ ಸೆನ್ಸೋಜಿ ದೇಗುಲ, ಮೇಜಿ ಮಂದಿರದ ಕಾಡು, ಚಕ್ರವರ್ತಿಯ ಅರಮನೆಯ ಪೂರ್ವ ಉದ್ಯಾನ, ಯಾವುದಕ್ಕೂ ಪ್ರವೇಶ ಶುಲ್ಕವಿಲ್ಲ. ಉದ್ಯಾನಕ್ಕೆ ಸೋಮವಾರ ಮತ್ತು ಶುಕ್ರವಾರ ರಜೆ. 1657ರ ಬೆಂಕಿಯಲ್ಲಿ ಸುಟ್ಟ ಎಡೊ (ಟೋಕಿಯೊದ ಹಳೆಯ ಹೆಸರು) ಕೋಟೆಯ ಮುಖ್ಯ ಗೋಪುರವನ್ನು ಆಮೇಲೆ ಯಾರೂ ಕಟ್ಟಲಿಲ್ಲ. ಅದರ ಕಲ್ಲಿನ ತಳಪಾಯವನ್ನು ಮಾತ್ರ ಈ ಉದ್ಯಾನದಲ್ಲಿ ಹತ್ತಿ ನೋಡಬಹುದು. ಸ್ಕೈ ಟ್ರೀ ಎಂಬ ಎತ್ತರದ ಗೋಪುರ ಏರಲು 2,000 ಯೆನ್ನಿಗೂ ಹೆಚ್ಚು ತೆರುವ ಬದಲು ಶಿಂಜುಕುವಿನ ಮಹಾನಗರ ಆಡಳಿತ ಕಟ್ಟಡದ 45ನೇ ಮಹಡಿಗೆ ಹೋಗಿ, 202 ಮೀಟರ್ ಎತ್ತರದಿಂದ ನಗರವನ್ನು ಕಾಸು ಬಿಚ್ಚದೆ ನೋಡಬಹುದು.

ಸಸ್ಯಾಹಾರಿಗಳಿಗೆ ಊಟವೇ ನಿಜವಾದ ಪರೀಕ್ಷೆ. ತೋರಿಕೆಗೆ ತರಕಾರಿ ಮಾತ್ರವಿರುವ ಸಾರು, ನೂಡಲ್ಸ್‌ಗಳಲ್ಲೂ ಬಹುತೇಕ ಒಣ ಮೀನಿನಿಂದ ಇಳಿಸಿದ ರಸ ಇರುತ್ತದೆ. ಆದ್ದರಿಂದ ಅಂಗಡಿಯಿಂದ ಅಕ್ಕಿ, ತರಕಾರಿ, ಮೊಸರು ತಂದು ತಂಗುದಾಣದ ಅಡುಗೆಮನೆಯಲ್ಲಿ ಬೇಯಿಸಿಕೊಳ್ಳುವುದೇ ಕ್ಷೇಮ. ಮನೆಯಿಂದ ಒಯ್ದ ಚಟ್ನಿಪುಡಿ ಅಲ್ಲಿ ಬಂಗಾರವಾಗುತ್ತದೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿ ಕಸಾಯಿಯಲ್ಲಿ ನಮ್ಮ ದಿನಸಿ ಅಂಗಡಿಗಳೂ ಇವೆ. ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ. ಸಂಜೆ ಏಳೆಂಟರ ಬಳಿಕ ಸೂಪರ್ ಮಾರ್ಕೆಟುಗಳಲ್ಲಿ ಕೆಲಸದವರು ಉಳಿದ ಊಟದ ಡಬ್ಬಿಗಳ ಮೇಲೆ ರಿಯಾಯಿತಿಯ ಚೀಟಿ ಅಂಟಿಸುತ್ತ ಬರುತ್ತಾರೆ. ಮೊದಲು ಶೇ 20, ಮುಚ್ಚುವ ಹೊತ್ತಿಗೆ ಅರ್ಧ ಬೆಲೆ. ಆಫೀಸಿನ ಕೋಟು ತೊಟ್ಟವರೂ ಆ ಚೀಟಿಗಾಗಿ ಸಂಕೋಚವಿಲ್ಲದೆ ಕಾಯುವುದನ್ನು ಕಂಡಿದ್ದೇವೆ.

ಮಂಚ, ಊಟ, ಓಡಾಟ, ಸ್ನಾನ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 7,000 ಯೆನ್, ಅಂದರೆ ಸುಮಾರು 4,000 ರೂಪಾಯಿಯಲ್ಲಿ ನಡೆಯುತ್ತದೆ. ಬುಲೆಟ್ ರೈಲು ಹತ್ತಲೇಬೇಕೆಂದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಸಾಕಾಕ್ಕೆ ಹೋಗುವವರು ರಾತ್ರಿ ಬಸ್ಸನ್ನು ನೆಚ್ಚಿಕೊಳ್ಳಬೇಕು. ಕೈ ಬಿಗಿ ಹಿಡಿಯಬಾರದ ಬಾಬ್ತು ಒಂದಿದೆ. ಅಲ್ಲಿಯ ಆಸ್ಪತ್ರೆಯ ಬಿಲ್ಲು ವಿದೇಶಿ ಪ್ರವಾಸಿಗರಿಗೆ ಬಹಳ ಭಾರವಾಗುವುದರಿಂದ, ನಮ್ಮ ವಯಸ್ಸಿನವರು ವಿಮೆ ಮಾಡಿಸದೆ ಹೊರಡಕೂಡದು. ತಮ್ಮ ಪ್ರವಾಸ ಪುಟದಲ್ಲಿ ಇನ್ನು ಮುಂದೆ ಸ್ವಂತವಾಗಿ ತಿರುಗಿ ಬಂದ ಓದುಗರ ಖರ್ಚಿನ ವಿವರಗಳಿಗೂ ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಓದುಗ
ಡೊಂಬಿವಲಿ (ಪೂರ್ವ)