ಕೋರ್ಟು ಸಿಬ್ಬಂದಿಗೆ ಪಾಠ ಹೇಳಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಕೊಡಗು ಜಿಲ್ಲೆಯ ಕೋರ್ಟು ಸಿಬ್ಬಂದಿಯ ತರಬೇತಿ ತಂಡ ನಿನ್ನ ಹೆಗಲಿಗೆ ಬಂತೆಂದು ತಿಳಿಯಿತು. ಮೊದಲು ಒಂದು ಮಾತು: ಸ್ಲೈಡು ತಯಾರಿಸಲು ಕೂರಬೇಡ. ಕೋರ್ಟುಗಳನ್ನು ಕಂಪ್ಯೂಟರೀಕರಿಸುವ ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಶುರುವಾಗಿ ಈಗ ಮೂರನೇ ಹಂತದಲ್ಲಿದೆ. 2023ರಲ್ಲಿ ಈ ಹಂತಕ್ಕೆ 7,210 ಕೋಟಿ ರೂಪಾಯಿ ಮಂಜೂರಾಯಿತು. ಪ್ರಕರಣಗಳ ವಿವರ ನಮೂದಿಸುವ ಸಿಐಎಸ್ ತಂತ್ರಾಂಶದ ಕೈಪಿಡಿಗಳಿಗೆ ಬರವಿಲ್ಲ, ಬೆಂಗಳೂರಿನ ನ್ಯಾಯಾಂಗ ಅಕಾಡೆಮಿಯೂ ಪಾಠ ಹೇಳುತ್ತದೆ. ಆದರೆ ಪೊನ್ನಂಪೇಟೆಯ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕರು) ಎಲ್ಲಿ ಎಡವುತ್ತಾರೆ, ಸಮನ್ಸ್ ಜಾರಿ ಮಾಡುವ ಸೋಮವಾರಪೇಟೆಯ ಅಮೀನರ ಶರಾ (ಜಾರಿಯ ವರದಿ) ಏಕೆ ವಾಪಸ್ ಬರುತ್ತದೆ ಎಂಬುದು ಯಾವ ಕೈಪಿಡಿಯಲ್ಲೂ ಇಲ್ಲ. ಅದು ಕಡತಗಳಲ್ಲಿದೆ.

ಹಾಗಾಗಿ ತರಗತಿಗೆ ಮುಂಚೆ ಒಂದೊಂದು ಕೋರ್ಟಿನಿಂದ ಐವತ್ತು ಕಡತ ತೆಗೆಸಿ ನೋಡು. ಜಾರಿಯಾಗದೆ ಬಂದ ಸಮನ್ಸ್ ಎಷ್ಟು, ದಿನದಿನದ ಆದೇಶ ಬರೆಯುವ ಆರ್ಡರ್ ಶೀಟಿನ ದಿನಾಂಕಕ್ಕೂ ಕಂಪ್ಯೂಟರಿನ ದಿನಾಂಕಕ್ಕೂ ತಾಳೆಯಾಗದವು ಎಷ್ಟು, ದೃಢೀಕೃತ ಪ್ರತಿಗಾಗಿ ಬಂದು ತಡವಾದ ನಕಲು ಅರ್ಜಿ ಎಷ್ಟು ಎಂದು ಬರೆದುಕೋ. ನಿನ್ನ ಪಾಠಪಟ್ಟಿ ಅದೇ. ಒಬ್ಬರ ಮೇಜಿನ ತಪ್ಪು ಅವರಿಗೆ ಕಾಣುವುದಿಲ್ಲ, ಮುಂದಿನ ಮೇಜಿನವರನ್ನು ಕಾಡುತ್ತದೆ. ಆದ್ದರಿಂದ ಪಾಠವೂ ತಂತ್ರಾಂಶದ ಮೆನುವಿನ ಕ್ರಮದಲ್ಲಿ ಬೇಡ. ಫೈಲಿಂಗ್ ಕೌಂಟರಿನಿಂದ ರೆಕಾರ್ಡ್ ರೂಮಿನವರೆಗೆ ಕಡತ ನಡೆಯುವ ದಾರಿಯಲ್ಲೇ ಸಾಗಲಿ.

ಪಾಠ ಹೇಳುವ ತಂಡ ಚಿಕ್ಕದಾಗಿರಲಿ: ಒಬ್ಬ ಶಿರಸ್ತೇದಾರ್ (ಕಚೇರಿಯ ಮೇಲ್ವಿಚಾರಕ), ಒಬ್ಬ ಬೆಂಚ್ ಕ್ಲರ್ಕ್ (ಕಲಾಪದ ಗುಮಾಸ್ತ), ಸಿಐಎಸ್ ಬಲ್ಲ ಒಬ್ಬ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಒಬ್ಬ ಹಿರಿಯ ಅಮೀನ, ಜೊತೆಗೆ ಸಿಸ್ಟಮ್ ನೋಡಿಕೊಳ್ಳುವವರು. ಅಮೀನರನ್ನು ಬಿಟ್ಟು ತಂಡ ಕಟ್ಟುವುದು ನಮ್ಮಲ್ಲಿ ಹಳೆಯ ಚಾಳಿ. ಕಲಿಯುವವರು ಒಂದು ಸಲಕ್ಕೆ ಹನ್ನೆರಡರಿಂದ ಹದಿನೈದು ಜನ ಸಾಕು, ಒಂದು ಕಂಪ್ಯೂಟರಿಗೆ ಇಬ್ಬರು. ಅಭ್ಯಾಸಕ್ಕೆ ಬೇರೆಯದೇ ಡೇಟಾಬೇಸ್ ಕೇಳಿ ಪಡೆ. ಚಾಲ್ತಿ ಸಿಸ್ಟಮ್ಮಿನಲ್ಲಿ ಒಂದು ಸುಳ್ಳು ದಿನಾಂಕ ಹಾಕಿದರೂ ವಕೀಲರಿಗೆ ಎಸ್‌ಎಂಎಸ್ ಹೋಗುತ್ತದೆ, ಲೆಕ್ಕ ದೇಶದ ಪ್ರಕರಣಗಳ ಅಂಕಿಅಂಶ ಜಾಲವಾದ ಎನ್‌ಜೆಡಿಜಿಗೆ ಸೇರುತ್ತದೆ. ಆಮೇಲೆ ಉತ್ತರ ಕೊಡಬೇಕಾದವನು ನೀನು.

ನಮ್ಮ ಜಿಲ್ಲೆಯ ದೊಡ್ಡ ತೊಡಕು ಹೆಸರು ನಮೂದಿಸುವುದು. ಕೊಡವರಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು, ಆಮೇಲೆ ತಂದೆ ಹೆಸರು, ಕೊನೆಗೆ ಸ್ವಂತ ಹೆಸರು. ದಾವಾಪತ್ರದಲ್ಲಿ ಮೂರೂ ಇರುತ್ತವೆ, ಆಧಾರ್‌ನಲ್ಲಿ ಬರೀ ಇನಿಷಿಯಲ್, ಜಮ್ಮಾ ಬಾಣೆಯ (ಒಕ್ಕದ ವಂಶಪಾರಂಪರ್ಯ ಜಮೀನಿನ) ಪಹಣಿಯಲ್ಲಿ ಪಟ್ಟೆದಾರರ (ಒಕ್ಕದ ಯಜಮಾನರ) ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯನವರ ಒಕ್ಕವನ್ನೇ ಒಬ್ಬರು ಕೊಡಂದೇರ ಎಂದರೆ ಇನ್ನೊಬ್ಬರು ಕೋದಂಡೇರ ಎನ್ನುತ್ತಾರೆ, ಇನ್ನು ಇಂಗ್ಲಿಷ್ ಅಕ್ಷರಗಳ ಗತಿ ಹೇಳುವುದೇ ಬೇಡ. ಹೆಸರು ಹಾಕಿ ಹುಡುಕಿದಾಗ ಪ್ರಕರಣ ಸಿಗುವುದಿಲ್ಲ, ಕೇವಿಯಟ್ (ತನ್ನನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಇದ್ದರೂ ಕಣ್ಣು ತಪ್ಪುತ್ತದೆ. ಕೌಂಟರಿನಲ್ಲಿ ಒಂದು ನಿಯಮ ಇಡು: ದಾವಾಪತ್ರದ ಶೀರ್ಷಿಕೆಯಲ್ಲಿರುವಂತೆಯೇ ಪೂರ್ತಿ ಹೆಸರು, ಅದೇ ಕ್ರಮ, ಇನಿಷಿಯಲ್ ಬೇಡ. ಕಕ್ಷಿದಾರರಿಗೆ ಪ್ರಕರಣದ ಗುರುತಾದ ಸಿಎನ್‌ಆರ್ ಸಂಖ್ಯೆ ಬರೆದುಕೊಡುವ ಅಭ್ಯಾಸವೂ ಬೆಳೆಯಲಿ. ಹದಿನಾರು ಅಕ್ಷರ: ರಾಜ್ಯಕ್ಕೆ ಎರಡು, ಜಿಲ್ಲೆಗೆ ಎರಡು, ಕೋರ್ಟಿಗೆ ಎರಡು, ಕ್ರಮಸಂಖ್ಯೆಗೆ ಆರು, ವರ್ಷಕ್ಕೆ ನಾಲ್ಕು. ಅದಿದ್ದರೆ ಹೆಸರಿನ ಗೊಡವೆಯೇ ಇಲ್ಲ.

ಪಾಲುವಿಭಾಗದ ದಾವೆಗಳಲ್ಲಿ ಪ್ರತಿವಾದಿಗಳ ಸಾಲು ಹನುಮಂತನ ಬಾಲ. ನಡುವೆ ಒಬ್ಬರು ತೀರಿಹೋದರೆ ತೊಂಬತ್ತು ದಿನದೊಳಗೆ ವಾರಸುದಾರರನ್ನು ತರಲು ಅರ್ಜಿ ಬರಬೇಕು. ಕೋರ್ಟು ಒಪ್ಪಿದ ಮೇಲೆ ನಮ್ಮವರು ಮಾಡುವ ತಪ್ಪು ಎರಡು ಬಗೆ. ತೀರಿಹೋದವರ ಹೆಸರು ಅಳಿಸಿ ಅದೇ ಜಾಗದಲ್ಲಿ ಮಗನ ಹೆಸರು ಹಾಕುವುದು ಒಂದು. ಮಗನನ್ನು ಪಟ್ಟಿಯ ಕೊನೆಗೆ ಹೊಸ ಪ್ರತಿವಾದಿಯಾಗಿ ಸೇರಿಸುವುದು ಇನ್ನೊಂದು. ಎರಡರಲ್ಲೂ ಡಿಕ್ರಿ (ತೀರ್ಪಿನ ಅಂತಿಮ ಆದೇಶಪತ್ರ) ಬರೆಯುವಾಗ ಶೀರ್ಷಿಕೆ ತಾಳೆಯಾಗುವುದಿಲ್ಲ. ಮೂರನೇ ಪ್ರತಿವಾದಿ ತೀರಿಹೋದರೆ ಆ ಹೆಸರು ಹಾಗೇ ಉಳಿಯಬೇಕು, ವಾರಸುದಾರರು 3(ಎ), 3(ಬಿ) ಎಂದು ಅದರ ಕೆಳಗೆ ಬರಬೇಕು. ಇದನ್ನು ಹೇಳಿದರೆ ಸಾಲದು, ಒಬ್ಬೊಬ್ಬರ ಕೈಯಲ್ಲೂ ಮಾಡಿಸು.

ಇನ್ನು ಸಮನ್ಸ್. ನಾನಾದರೆ ಅರ್ಧ ಸಮಯ ಇದಕ್ಕೇ ಕೊಡುತ್ತೇನೆ. ಬೆಂಚ್ ಕ್ಲರ್ಕ್ ಮತ್ತು ಅಮೀನರನ್ನು ಒಂದೇ ಕೋಣೆಯಲ್ಲಿ ಎದುರುಬದುರು ಕೂರಿಸು. ಜಾರಿಯಾಗದಿರಲು ಅಮೀನರೇ ಕಾರಣವೆಂಬ ಮಾತು ಪೂರ್ತಿ ಸರಿಯಲ್ಲ. ಹತ್ತು ದಿನದ ವಾಯಿದೆ ಕೊಟ್ಟು, ಪ್ರೊಸೆಸ್ ಫೀ (ಜಾರಿ ಶುಲ್ಕ) ಒಂದು ವಾರಕ್ಕೆ ಕಟ್ಟಿ, ಸಮನ್ಸ್ ನಜಾರತ್‌ಗೆ (ಅಮೀನರಿಗೆ ಹಂಚುವ ವಿಭಾಗಕ್ಕೆ) ಬರುವಾಗ ಎರಡು ದಿನ ಉಳಿದಿದ್ದರೆ, ಸಿದ್ದಾಪುರದ ತೋಟದೊಳಗೆ ಆನೆ ಓಡಾಡುವ ದಾರಿಯಲ್ಲಿ ಅವರು ಹೋಗುವುದಾದರೂ ಯಾವಾಗ ಮಾರಾಯ?

ಶರಾ ಬರೆಸಿ ಅಭ್ಯಾಸ ಮಾಡಿಸು. ‘ಮನೆಗೆ ಬೀಗ ಹಾಕಿತ್ತು, ಅಂಟಿಸಿ ಬಂದೆ’ ಎಂಬುದು ಶರಾ ಅಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 5ನೇ ಆದೇಶದ 17ನೇ ನಿಯಮದ ಪ್ರಕಾರ ತಕ್ಕಷ್ಟು ಹುಡುಕಿರಬೇಕು, ಸದ್ಯಕ್ಕೆ ಸಿಗುವ ಸಂಭವ ಇರಬಾರದು, ಆಮೇಲಷ್ಟೇ ಅಂಟಿಸುವುದು. ಹೋದ ದಿನ, ಗಂಟೆ, ಮನೆ ತೋರಿಸಿದವರ ಹೆಸರು ವಿಳಾಸ, ಪ್ರತಿವಾದಿ ಎಲ್ಲಿಗೆ ಹೋದರೆಂದು ಯಾರು ಹೇಳಿದರು, ಎಲ್ಲಿ ಅಂಟಿಸಿದ್ದು, ಇಷ್ಟೂ ಇರಲಿ. ಶರಾದ ಜೊತೆ ಅಮೀನರ ಪ್ರಮಾಣಪತ್ರ (ಅಫಿಡವಿಟ್) ಇಲ್ಲದಿದ್ದರೆ 19ನೇ ನಿಯಮದಂತೆ ಅಮೀನರನ್ನೇ ಪ್ರಮಾಣ ಮಾಡಿಸಿ ವಿಚಾರಿಸಬೇಕಾಗುತ್ತದೆ.

ತೋಟದ ರೈಟರ್ (ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ನೌಕರ) ಕೈಗೆ ಕೊಟ್ಟು ಬರುವುದು ಇಲ್ಲಿಯ ರೂಢಿ. 15ನೇ ನಿಯಮದಲ್ಲಿ, ಪ್ರತಿವಾದಿ ಮನೆಯಲ್ಲಿಲ್ಲದೆ, ಸದ್ಯಕ್ಕೆ ಸಿಗುವ ಸಂಭವವೂ ಇಲ್ಲದೆ, ಸಮನ್ಸ್ ಪಡೆಯಲು ಅಧಿಕಾರವಿರುವ ಪ್ರತಿನಿಧಿಯೂ ಇಲ್ಲದಿದ್ದರೆ, ಜೊತೆಗೆ ವಾಸಿಸುವ ವಯಸ್ಕ ಕುಟುಂಬದವರಿಗೆ ಕೊಡಬಹುದು, ಹೆಣ್ಣಾದರೂ ಸರಿ, ಗಂಡಾದರೂ ಸರಿ. ಕೆಲಸದವರು ಕುಟುಂಬದವರಲ್ಲ ಎಂದು ಅಲ್ಲೇ ವಿವರಣೆ ಇದೆ. ಸಾಲ ವಸೂಲಿ ದಾವೆಯಲ್ಲಿ ರೈಟರ್ ಸಹಿ ನಿಲ್ಲುವುದು ಕಷ್ಟ. ಆದರೆ ಸ್ಥಿರಾಸ್ತಿಯ ದಾವೆಯಾಗಿ, ಪ್ರತಿವಾದಿಗೆ ನೇರ ಜಾರಿ ಆಗದೆ, ಸಮನ್ಸ್ ಪಡೆಯಲು ಅಧಿಕಾರವಿರುವ ಬೇರೆ ಪ್ರತಿನಿಧಿಯೂ ಇಲ್ಲದಿದ್ದರೆ, ಆಸ್ತಿ ನೋಡಿಕೊಳ್ಳುವ ಏಜೆಂಟನಿಗೆ ಕೊಡಲು 14ನೇ ನಿಯಮ ದಾರಿ ಬಿಡುತ್ತದೆ. ಇದನ್ನು ತೀರ್ಮಾನಿಸುವುದು ಅಮೀನರ ಕೆಲಸವಲ್ಲ. ಯಾರು ತೆಗೆದುಕೊಂಡರು, ಅವರು ಅಲ್ಲಿ ಏನು ಕೆಲಸದಲ್ಲಿದ್ದಾರೆ ಎಂದು ಇದ್ದದ್ದನ್ನು ಇದ್ದಂತೆ ಬರೆಯಲಿ, ಉಳಿದದ್ದು ನ್ಯಾಯಾಧೀಶರಿಗೆ ಬಿಟ್ಟದ್ದು. ಸಮನ್ಸ್ ಜಾರಿಯ ಎನ್‌ಸ್ಟೆಪ್ ಆ್ಯಪ್‌ನಲ್ಲಿ ಫೋಟೊ, ಸ್ಥಳ ದಾಖಲಾಗುತ್ತದೆ ನಿಜ. ನೆಟ್‌ವರ್ಕ್ ಇಲ್ಲದ ಕಡೆ ಕಾಗದದ ಶರಾವೇ ಗತಿ, ಅದನ್ನು ಸ್ಥಳದಲ್ಲೇ ಬರೆಯಬೇಕು, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅಲ್ಲ.

ಕ್ರಿಮಿನಲ್ ಕಡೆ ಹೊಸ ಕಾನೂನಿನ ಗೊಂದಲ ಇನ್ನೂ ಇದೆ. 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧವಾದರೆ ಹಳೆಯ ಐಪಿಸಿ (ಭಾರತೀಯ ದಂಡ ಸಂಹಿತೆ) ಕಲಮು, ಅಂದಿನದು ಅಥವಾ ಆಮೇಲಿನದಾದರೆ ಹೊಸ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ). ವಂಚನೆಯ 420 ಈಗ 318(4), ಕೊಲೆಯ 302 ಈಗ 103. ಎಫ್‌ಐಆರ್ ದಿನಾಂಕ ನೋಡಿ ಕಲಮು ಆರಿಸುವುದೇ ತಪ್ಪಿಗೆ ಮೂಲ, ನೋಡಬೇಕಾದದ್ದು ಕೃತ್ಯ ನಡೆದ ದಿನ. ಎರಡು ಅಂಕಣದ ಒಂದು ಚೀಟಿ ಪ್ರತಿ ಮೇಜಿಗೂ ಅಂಟಿಸಿಬಿಡು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ), ಅತ್ಯಾಚಾರ ಪ್ರಕರಣಗಳ ತೀರ್ಪು ಅಪ್‌ಲೋಡ್ ಮಾಡುವ ಮುನ್ನ ಸಂತ್ರಸ್ತರ ಹೆಸರಷ್ಟೇ ಅಲ್ಲ, ತಂದೆತಾಯಿಯ ಹೆಸರು, ಶಾಲೆ, ಊರು ಕೂಡ ಮರೆಮಾಡಬೇಕು. ನಮ್ಮ ಊರುಗಳು ಚಿಕ್ಕವು, ಒಕ್ಕದ ಹೆಸರೊಂದೇ ಸಾಕು ಗುರುತು ಹಿಡಿಯಲು.

ಸಂಜೆ ಎದ್ದು ಹೋಗುವ ಮುಂಚೆ ಮುಂದಿನ ದಿನಾಂಕ ಹಾಕದಿದ್ದರೆ ಪ್ರಕರಣ ದಿನಾಂಕವಿಲ್ಲದ ಪಟ್ಟಿಗೆ ಜಾರುತ್ತದೆ. ಇದು ಎಲ್ಲರಿಗೂ ಗೊತ್ತು, ಹತ್ತು ನಿಮಿಷ ಸಾಕು.

ನಕಲು ವಿಭಾಗವನ್ನು ಮಾತ್ರ ಬಿಡಬೇಡ. ಅರ್ಜಿ ಕೊಟ್ಟ ದಿನ, ಶುಲ್ಕ ತಿಳಿಸಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ, ಇವು ಬರೀ ಮೊಹರಲ್ಲ. ಕಾಲಮಿತಿ ಕಾಯ್ದೆಯ 12ನೇ ಕಲಮಿನಡಿ ಮೇಲ್ಮನವಿಯ ಗಡುವಿನಿಂದ ನಕಲು ಪಡೆಯಲು ಬೇಕಾದ ದಿನಗಳನ್ನು ಕಳೆಯುವುದು ಈ ದಿನಾಂಕಗಳಿಂದಲೇ. ಸಿದ್ಧವಾದ ದಿನ ಖಾಲಿ ಬಿಟ್ಟರೆ ಕಕ್ಷಿದಾರರ ಮೇಲ್ಮನವಿಯೇ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. ಡಿಕ್ರಿ ಹದಿನೈದು ದಿನದೊಳಗೆ ಬರೆಯಬೇಕೆಂಬ ನಿಯಮವನ್ನೂ ಇದರ ಜೊತೆಗೇ ಹೇಳು.

ದಿನ ಗೊತ್ತುಮಾಡುವಾಗ ಲೋಕ ಅದಾಲತ್‌ನ ಹಿಂದಿನ ವಾರ, ಕೈಲ್ಪೊಳ್ದ್, ಪುತ್ತರಿ ಹಬ್ಬಗಳನ್ನು ಬಿಟ್ಟುಬಿಡು. ಜೂನ್, ಜುಲೈಯಲ್ಲಿ ಎಲ್ಲರನ್ನೂ ಮಡಿಕೇರಿಗೆ ಕರೆಸುವ ಯೋಚನೆಯೇ ಬೇಡ. ಗುಡ್ಡ ಜರಿದು ರಸ್ತೆ ನಿಂತರೆ, ಕರೆಂಟು ಹೋದರೆ ದಿನವೇ ಹಾಳು. ಆ ತಿಂಗಳುಗಳಲ್ಲಿ ನೀನೇ ವಿರಾಜಪೇಟೆಗೆ, ಕುಶಾಲನಗರಕ್ಕೆ ಹೋಗು, ಕರೆಂಟಿಲ್ಲದೆಯೂ ನಡೆಯುವ ಶರಾ, ನಕಲು, ಆರ್ಡರ್ ಶೀಟಿನ ಪಾಠ ಇಟ್ಟುಕೋ. ರಜೆಯ ಶನಿವಾರ ಕರೆಸಿದರೆ ಬದಲಿ ರಜೆಯ ಆದೇಶ ಮೊದಲೇ ಮಾಡಿಸು, ಇಲ್ಲದಿದ್ದರೆ ಮೈ ಮಾತ್ರ ಬರುತ್ತದೆ, ಮನಸ್ಸು ಬರುವುದಿಲ್ಲ.

ವಾಪಸ್ ಬಂದ ಸಮನ್ಸ್‌ಗಳನ್ನು ನೋಡಿದ ಮೇಲೆ, ಹೆಸರು ವಿಳಾಸ ಪೂರ್ತಿ ತೆಗೆದು ಬರೀ ಶರಾಗಳನ್ನು ಕಳಿಸು. ಅಭ್ಯಾಸಕ್ಕೆ ಹತ್ತು ಆರಿಸಿ, ಏನು ಬಿಟ್ಟುಹೋಗಿದೆ ಎಂದು ಗುರುತು ಹಾಕಿ ಕೊಡುತ್ತೇನೆ.

ಇಂತಿ,
ನಿನ್ನ ಗೆಳೆಯ