ಅಬ್ಬಿ ನೀರಿನ ಬೆನ್ನು ಹತ್ತಿ: ಗೆಳೆಯನಿಗೊಂದು ಪತ್ರ

ತೀರ್ಥಹಳ್ಳಿ
ಏಪ್ರಿಲ್ ಕೊನೆಯ ಭಾನುವಾರ

ಪ್ರೀತಿಯ ಗೆಳೆಯಾ,

ಲಂಕೆಯಿಂದ ನೀನು ಬರೆದ ಪತ್ರವನ್ನು ಮೂರು ಸಲ ಓದಿದೆ. ಫೋಟೋಗಳನ್ನು ಅಮ್ಮನಿಗೂ ತೋರಿಸಿದೆ. ಸಿಂಹರಾಜ ಕಾಡಿನ ಫೋಟೋ ನೋಡಿ ಅವರು "ಇದು ಆಗುಂಬೆ ಅಲ್ವಾ?" ಅಂದರು. ಹಾಗೆ ಅನ್ನಿಸಿದ್ದು ಸಹಜವೇ. ಹಿಮಯುಗದಲ್ಲಿ ಕಡಲು ತಗ್ಗಿದ್ದಾಗ ಆ ದ್ವೀಪ ನಮ್ಮ ನೆಲಕ್ಕೆ ಅಂಟಿಕೊಂಡೇ ಇತ್ತು. ಇವತ್ತಿಗೂ ವಿಜ್ಞಾನಿಗಳು ಪಶ್ಚಿಮಘಟ್ಟವನ್ನೂ ಶ್ರೀಲಂಕಾವನ್ನೂ ಜೀವವೈವಿಧ್ಯದ ಒಂದೇ ತಾಣವಾಗಿ ಲೆಕ್ಕ ಹಾಕುತ್ತಾರೆ. ನೀನು ಮೊಸರಿನ ಮೇಲೆ ಸುರಿದುಕೊಂಡು ತಿಂದ ಆ ಕಿತುಲ್ ಪಾಕ ಇದೆಯಲ್ಲ, ಅದು ನಮ್ಮ ಬೈನೆ ಮರದ್ದೇ. ನಿನ್ನ ಕಾಲಿಗೆ ಹತ್ತಿದ್ದೂ ನಮ್ಮ ಇಂಬಳದ, ಅಂದರೆ ಕಾಡಿನ ಜಿಗಣೆಯ, ನೆಂಟರೇ.

ಆದರೆ ನನ್ನ ಮನಸ್ಸು ನಿಂತಿದ್ದು ಕನ್ನಿಯಾದ ಬಿಸಿನೀರಿನ ಬುಗ್ಗೆಯ ಹತ್ತಿರ. ಟ್ರಿಂಕೋಮಲಿ ಬಳಿಯ ಆ ಏಳು ಪುಟ್ಟ ಬಾವಿಗಳು. ಒಂದೊಂದರ ನೀರೂ ಬೇರೆ ಬೇರೆ ಬಿಸಿ ಅಂತ ಬರೆದಿದ್ದೀಯ. ತಾಯಿಯ ಉತ್ತರಕ್ರಿಯೆಗೆ ನೀರು ಬೇಕಾಗಿ ರಾವಣ ಕತ್ತಿಯಿಂದ ನೆಲ ತಿವಿದನಂತೆ, ಅಲ್ಲಿ ನೀರು ಉಕ್ಕಿತಂತೆ. ಓದುತ್ತಿದ್ದ ಹಾಗೇ ನನಗೆ ಅಂಬುತೀರ್ಥ ನೆನಪಾಯಿತು. ಇಲ್ಲಿ ಸೀತೆಗೆ ಬಾಯಾರಿತು, ರಾಮ ಬಾಣ ಬಿಟ್ಟ, ಶರಾವತಿ ಹುಟ್ಟಿದಳು. ಒಂದು ಕಡೆ ತೀರಿಹೋದ ತಾಯಿಗಾಗಿ, ಇನ್ನೊಂದು ಕಡೆ ಬಾಯಾರಿದ ಹೆಂಡತಿಗಾಗಿ. ಕಾದಾಡಿದ ಇಬ್ಬರ ಹೆಸರಿನಲ್ಲೂ ನೀರು ಉಳಿದಿದೆ, ನೋಡು.

ಅದೇ ವಾರ ಅಂಬುತೀರ್ಥಕ್ಕೆ ಹೋದೆ. ನಮ್ಮ ತಾಲ್ಲೂಕಿನಲ್ಲೇ ಇದ್ದರೂ ಹೋಗದೆ ಎಷ್ಟೋ ವರ್ಷ ಆಗಿತ್ತು. ಸಣ್ಣ ಗುಡಿ, ಸುತ್ತ ಮರ, ತಣ್ಣನೆಯ ನೀರು. ಅಂಬು ಅಂದರೆ ಬಾಣ, ಶರ ಅಂದರೂ ಬಾಣ. ಸಂಸ್ಕೃತದಲ್ಲಿ ಅಂಬು ಅಂದರೆ ನೀರು ಕೂಡ. ಈ ಹೆಸರು ಇಟ್ಟವರು ಎರಡನ್ನೂ ಯೋಚಿಸಿದ್ದರೋ ಏನೋ, ನನಗಂತೂ ಎರಡೂ ಕೇಳಿಸುತ್ತದೆ. ಅಲ್ಲಿ ಕೈಯೊಡ್ಡಿದರೆ ಬೊಗಸೆ ತುಂಬುವಷ್ಟು ನೀರು. ಅದೇ ನೀರು ಮುಂದೆ ಲಿಂಗನಮಕ್ಕಿಯಲ್ಲಿ ಸಮುದ್ರದ ಹಾಗೆ ನಿಲ್ಲುತ್ತದೆ. ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುತ್ತದೆ. ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಅಲ್ಲಿಗೆ ಸಮಾಧಾನ ಆಗಲಿಲ್ಲ. ಇಷ್ಟು ಬಿಸಿಲಿನಲ್ಲೂ ನೀರು ಬತ್ತದೆ ಇರುವುದು ಹೇಗೆ ಅನ್ನುವ ಪ್ರಶ್ನೆ ಬಿಡಲಿಲ್ಲ. ಆ ಪ್ರಶ್ನೆ ನನ್ನನ್ನು ಯಾಕೆ ಕಾಡಿತು ಅಂತ ನಿನಗೆ ಗೊತ್ತು. ನಮ್ಮ ಅಜ್ಜಿ ಮನೆಯ ಅಬ್ಬಿ ನೀರು ನೆನಪಿದೆಯಾ? ಗುಡ್ಡದ ಮೇಲಿನ ಒರತೆಯಿಂದ ಅಡಿಕೆ ದಂಬೆಯಲ್ಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆಯಲ್ಲಿ, ಹರಿದು ಬಂದು ಬಚ್ಚಲ ಹಂಡೆಗೇ ಬೀಳುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ. ರಾತ್ರಿ ಪೂರ್ತಿ ಅದರ ಸದ್ದು. ಬೇಸಿಗೆ ರಜೆಗೆ ಬಂದಾಗ ನೀನು ಆ ಸದ್ದು ಮಳೆ ಅಂದುಕೊಂಡು ಎದ್ದು ಅಂಗಳಕ್ಕೆ ಓಡಿದ್ದೆ. ಆ ಅಬ್ಬಿ ಈಗ ಫೆಬ್ರವರಿಗೇ ನಿಲ್ಲುತ್ತದೆ. ಮೇಲಿದ್ದ ಕಾನು, ಅಂದರೆ ದಟ್ಟ ಹಸಿರು ಕಾಡು, ಹೋಗಿ ಅಕೇಶಿಯಾ ತೋಪು ಬಂತು. ನಾಲ್ಕೈದು ವರ್ಷ ನೀರು ಸಣ್ಣಗಾಗುತ್ತಾ ಹೋಯಿತು. ಒಂದು ವರ್ಷ ಶಿವರಾತ್ರಿ ಹೊತ್ತಿಗೆ ದಂಬೆ ಒಣಗಿತ್ತು. ಈಗ ಮನೆಗೆ ಬೋರ್‌ವೆಲ್. ಹಂಡೆಗೆ ನೀರು ಬೀಳದ ಮನೆಯಲ್ಲಿ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ, ಗೊತ್ತಾ? ಕೊನೆವರೆಗೂ ಹಾಗೇ ಹೇಳುತ್ತಿದ್ದರು.

ಹಾಗಾಗಿ ಕಾನು ಇನ್ನೂ ಗಟ್ಟಿಯಾಗಿ ಉಳಿದಿರುವ ಕಡೆ ನೀರು ಹೇಗಿದೆ ಅಂತ ನೋಡಬೇಕಿತ್ತು. ಜೋಗ ದಾಟಿ ಹೊನ್ನಾವರದ ದಾರಿಯಲ್ಲಿ ಸಿಗುವ ಕತ್ತಲೆಕಾನಿಗೆ ಹೋದೆ. ಅನುಮತಿ ಪಡೆದು, ದಾರಿ ಬಲ್ಲ ವಾಚರ್ ಒಬ್ಬರ ಜೊತೆ. ರಸ್ತೆಯಲ್ಲಿ ಟಾರು ಮೆತ್ತಗಾಗುವಷ್ಟು ಬಿಸಿಲು. ಹತ್ತು ನಿಮಿಷ ಒಳಗೆ ನಡೆದರೆ ಮುಖಕ್ಕೆ ತಂಪು ಬಡಿಯಿತು. ಹೆಸರಿಗೆ ತಕ್ಕ ಕತ್ತಲೆ. ಕೆಳಗೆ ಇಳಿದ ಹಾಗೆ ಕಾಲಡಿ ಮಣ್ಣು ಮೆತ್ತಗಾಯಿತು, ಆಮೇಲೆ ಪಚಪಚ ಅನ್ನತೊಡಗಿತು. ಅದೇ ರಾಂಪತ್ರೆ ಜಡ್ಡಿ.

ಜಡ್ಡಿ ಅಂದರೆ ಏನು ಅಂತ ನೋಡದೆ ತಿಳಿಯುವುದು ಕಷ್ಟ. ಕಣಿವೆಯ ತಳದಲ್ಲಿ ವರ್ಷವಿಡೀ ನೀರು ನಿಂತು, ಸರಿದು, ಮತ್ತೆ ನಿಲ್ಲುವ ಜೌಗು ನೆಲ. ಅದರಲ್ಲಿ ಜಾಯಿಕಾಯಿ ಕುಟುಂಬದ ದೊಡ್ಡ ಮರಗಳು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೆ ಬೇರು ಮೇಲೆದ್ದು, ಮೊಣಕಾಲಿನ ಹಾಗೆ ಬಾಗಿ, ಉಸಿರು ತೆಗೆದುಕೊಂಡು ಮತ್ತೆ ಕೆಸರಿಗೆ ಇಳಿಯುತ್ತದೆ. ಎಲ್ಲಿ ನೋಡಿದರೂ ಅಂಥ ಮಂಡಿ ಬೇರುಗಳು. ಕಾಂಡದಿಂದ ಇಳಿದ ಊರುಗೋಲಿನಂಥ ಬೇರುಗಳು ಬೇರೆ. ಒಂದು ಮರದ ತೊಗಟೆ ಗಾಯವಾದಲ್ಲಿ ಕೆಂಪು ರಸ ಒಸರಿ ಹೆಪ್ಪುಗಟ್ಟಿತ್ತು, ಥೇಟ್ ರಕ್ತ. ಈ ಮರಗಳ ಬೀಜ ಒಣಗಿದರೆ ಮೊಳೆಯುವುದಿಲ್ಲ. ಮಂಗಟ್ಟೆ ಹಕ್ಕಿ ನುಂಗಿ ಒಯ್ದು, ಒದ್ದೆ ನೆಲದಲ್ಲೇ ಬೀಳಿಸಬೇಕು. ನೆಲ ಒಣಗಿತೋ, ಮರದ ವಂಶವೇ ನಿಂತಿತು.

ಅಲ್ಲೇ ಗೇರಿನ ಬಳಗದ ಇನ್ನೊಂದು ಮರವನ್ನೂ ತೋರಿಸಿದರು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕಾನಿನ ಹೆಸರನ್ನೇ ಮರಕ್ಕೆ ಇಟ್ಟಿದ್ದಾರೆ. ಹೆದ್ದಾರಿಯ ಮಗ್ಗುಲಲ್ಲೇ ಇದ್ದ ಮರ, ವಿಜ್ಞಾನಕ್ಕೆ ಪರಿಚಯ ಆಗಿದ್ದು 2000ದಲ್ಲಿ. ನನಗೆ ಮೈ ಜುಮ್ಮೆಂದಿತು. ನಾವು ಶಾಲೆ ಪ್ರವಾಸದಲ್ಲಿ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹಾಡುತ್ತಾ ಹೋಗಿದ್ದಾಗ ಅದಕ್ಕಿನ್ನೂ ಪುಸ್ತಕದಲ್ಲಿ ಹೆಸರೇ ಇರಲಿಲ್ಲ. ಸಿಂಗಳೀಕ ಕಾಣಲಿಲ್ಲ, ಕೂಗು ಮಾತ್ರ ಕೇಳಿಸಿತು.

ಒಂದು ಕಡೆ ಕೂತು ತರಗೆಲೆ ಸರಿಸಿ ಕೈ ಇಟ್ಟೆ. ಮೇಲೆ ಒಣ ಎಲೆ, ಅದರ ಕೆಳಗೆ ಕೊಳೆತ ಎಲೆ, ಅದರ ಕೆಳಗೆ ಬೇರಿನ ಬಲೆ, ಆಮೇಲೆ ಕಪ್ಪು ಮಣ್ಣು. ಹಿಂಡಿದರೆ ನೀರು ಬರುವಷ್ಟು ಒದ್ದೆ. ಜೂನ್‌ನಲ್ಲಿ ಬಿದ್ದ ಮಳೆ ಏಪ್ರಿಲ್‌ನಲ್ಲಿ ನನ್ನ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅಕೇಶಿಯಾ ತೋಪಿನ ನೆಲ ನಿನಗೆ ಗೊತ್ತಲ್ಲ, ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಅಲ್ಲಿ ಬಿದ್ದ ಮಳೆ ನಿಲ್ಲದೆ ಇಳಿಜಾರಿನಲ್ಲಿ ಓಡಿಹೋಗುತ್ತದೆ. ಅಜ್ಜಿ ಮನೆಯ ಅಬ್ಬಿ ಎಲ್ಲಿ ಹೋಯಿತು ಅಂತ ಇಷ್ಟು ವರ್ಷ ಕೇಳುತ್ತಿದ್ದೆ. ಆವತ್ತು ಕೈಗೆ ಉತ್ತರ ತಾಗಿತು.

ಬರುವಾಗ ಕಾಲಿಗೆ ಮೂರು ಇಂಬಳ. ಸುಣ್ಣ ಹಚ್ಚಿದೆ, ಬಿದ್ದವು.

ಊರಿಗೆ ಬಂದವನೇ ದೊಡ್ಡಪ್ಪನ ಮಗನ ಹತ್ತಿರ ಮಾತಾಡಿದೆ. ಅಬ್ಬಿ ಮೇಲಿನ ಎರಡು ಎಕರೆ ನಮ್ಮ ಮನೆಯದೇ. ಈ ವರ್ಷ ಅಕೇಶಿಯಾ ಕಟಾವಿಗೆ ಬಂದಿದೆ. ಮತ್ತೆ ಅದನ್ನೇ ನೆಡಬೇಡ, ತರಗೆಲೆ ಗುಡಿಸಬೇಡ, ಬೆಂಕಿ ಬೀಳದ ಹಾಗೆ ನೋಡಿಕೊಂಡು ಸುಮ್ನೆ ಬಿಡೋಣ ಅಂದೆ. ಅಂಚಿನಲ್ಲಿ ಹಲಸು, ನೇರಳೆ, ಬೈನೆ ಹಾಕೋಣ ಅಂದೆ. ಅವನು ಪೂರ್ತಿ ಒಪ್ಪಿಲ್ಲ. ಒಂದು ಎಕರೆ ನೋಡೋಣ ಅಂದಿದ್ದಾನೆ.

ನೀನು ದೀಪಾವಳಿಗೆ ಬಾ. ಮಳೆ ನಿಂತು ಕಾಲುದಾರಿ ಗಟ್ಟಿಯಾಗಿರುತ್ತದೆ. ಹಳೇ ಕ್ಯಾನ್ವಾಸ್ ಶೂ ತಾ. ಅಂಬುತೀರ್ಥ ನೋಡಿಕೊಂಡು ಅಜ್ಜಿ ಮನೆಗೆ ಹೋಗೋಣ. ಹಳೇ ದಂಬೆಗಳು ಕೊಟ್ಟಿಗೆ ಹಿಂದೆ ಇನ್ನೂ ಇವೆ. ಎರಡು ಮಾತ್ರ ಗೆದ್ದಲು ಹಿಡಿದಿವೆ.

ನಿನ್ನ,
ಹಳೇ ಬೆಂಚಿನ ಗೆಳೆಯ